ಗಂಡನಿಗೆ ಹೆಬ್ಬಾಳದಲ್ಲಿ ಕೆಲಸ, ನನಗೆ ಮಂಡ್ಯದಲ್ಲಿ. ಮನೆ ಎಲ್ಲಿ ಮಾಡುವುದು?

ನೀವು ಬರೆದಿದ್ದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ಹುಬ್ಬಳ್ಳಿಯಿಂದ ಸಂಸಾರ ಸಮೇತ ಈ ಕಡೆ ಬರುತ್ತಿದ್ದೀರಿ. ನಿಮ್ಮ ಯಜಮಾನರಿಗೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫ್ಯಾಕ್ಟರಿ ಕೆಲಸ. ನಿಮಗೆ ಮಂಡ್ಯದ ಸರ್ಕಾರಿ ಕಾಲೇಜು. ಮಗಳು ನಾಲ್ಕನೇ ಕ್ಲಾಸು. ಜೊತೆಗೆ ಅತ್ತೆಯವರು, ಅವರಿಗೆ ಶುಗರ್ ಇದೆ, ಹಾರ್ಟ್ ಚೆಕಪ್ಪಿಗೂ ಹೋಗುತ್ತಿರಬೇಕು. ಎರಡು ಊರಿಗೂ ನಡುವೆ ಅಂತ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿಬಿಡೋಣವಾ ಅಂತ ಕೇಳಿದ್ದೀರಿ.

ಬೇಡ. ಮೈಸೂರಲ್ಲೇ ಮಾಡಿ, ಅದರಲ್ಲೂ ಊರಿನ ಉತ್ತರದ ಕಡೆ. ನಾನೂ ಮಂಡ್ಯದಲ್ಲಿ ಕೆಲಸ ಮಾಡುವವಳೇ, ಮನೆ ಬನ್ನಿಮಂಟಪದ ಹತ್ತಿರ, ನಮ್ಮ ಮನೆಯವರು ಹೂಟಗಳ್ಳಿ ಕಡೆ ಫ್ಯಾಕ್ಟರಿಯಲ್ಲಿದ್ದಾರೆ. ಹಾಗಾಗಿ ಪಕ್ಷಪಾತ ಇದ್ದೇ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಮೊದಲು ಶ್ರೀರಂಗಪಟ್ಟಣದ ಮಾತು ಮುಗಿಸೋಣ. ಮ್ಯಾಪ್ ನೋಡಿದರೆ ನಡುವೆ ಅನಿಸುತ್ತದೆ, ನಿಜವಾಗಿ ನಡುವೆ ಇಲ್ಲ. ಮೈಸೂರಿಂದ ಸುಮಾರು 15 ಕಿಲೋಮೀಟರ್, ಮಂಡ್ಯಕ್ಕೆ ಅದರ ಹೆಚ್ಚುಕಮ್ಮಿ ಎರಡರಷ್ಟು. ಟೋಲ್ ಇರುವುದು ಗಣಂಗೂರಿನಲ್ಲಿ, ಅಂದರೆ ಶ್ರೀರಂಗಪಟ್ಟಣಕ್ಕೂ ಮಂಡ್ಯಕ್ಕೂ ಮಧ್ಯೆ. ಹಾಗಾಗಿ ಅಲ್ಲಿ ಮನೆ ಮಾಡಿದರೂ ಹೈವೇಯಲ್ಲಿ ಕಾರಲ್ಲಿ ಹೋಗುವುದಾದರೆ ನಿಮಗೆ ಟೋಲ್ ತಪ್ಪುವುದಿಲ್ಲ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ನಾನ್‌ಸ್ಟಾಪ್ ಬಸ್ಸುಗಳು ಬೈಪಾಸಿನಲ್ಲಿ ಹೊರಟುಹೋಗುತ್ತವೆ. ಮಗಳನ್ನು ಮೈಸೂರಿನ ಸ್ಕೂಲಿಗೆ ಸೇರಿಸಿದರೆ ಅವಳಿಗೂ ದಿನಾ ವ್ಯಾನಿನಲ್ಲಿ ಒಂದೊಂದು ಗಂಟೆ. ಅಲ್ಲಿಗೆ ಮನೆಯಲ್ಲಿ ಓಡಾಡುವವರು ಇಬ್ಬರಲ್ಲ, ಮೂವರು. ಊರು ಚೆನ್ನಾಗಿದೆ, ಕಾವೇರಿ ಸುತ್ತ ಇದೆ, ಬಾಡಿಗೆಯೂ ಕಮ್ಮಿ, ಅದೆಲ್ಲ ಒಪ್ಪುತ್ತೇನೆ. ಇಬ್ಬರದೂ ಕೆಲಸ ಬಿಟ್ಟ ಮೇಲೆ ಇರುವುದಕ್ಕೆ ಹೇಳಿ ಮಾಡಿಸಿದ ಜಾಗ. ಆಗಲೂ ಸೈಟ್ ತಗೊಳ್ಳುವುದಾದರೆ ಸ್ವಲ್ಪ ಜೋಪಾನ. ಕೋಟೆ, ದೇವಸ್ಥಾನ ಅಂತ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳು ಅಲ್ಲಿ ತುಂಬ ಇವೆ, ಅವುಗಳ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರಿಗೆ ಪರ್ಮಿಷನ್ ಬೇಕು.

ಈಗ ಮುಖ್ಯ ವಿಷಯ. ಎಲ್ಲರೂ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ನೀವು ಬೇರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಮಧ್ಯಾಹ್ನ ಹನ್ನೆರಡಕ್ಕೆ ಸ್ಕೂಲಿಂದ ಫೋನ್ ಬಂತು, ಮಗಳಿಗೆ ಜ್ವರ, ವಾಂತಿ ಮಾಡಿಕೊಂಡಿದ್ದಾಳೆ, ಬಂದು ಕರಕೊಂಡು ಹೋಗಿ ಅಂದರು. ಯಾರು ಹೋಗುತ್ತೀರಿ? ಆ ಒಬ್ಬರು ಅರ್ಧ ಗಂಟೆಯಲ್ಲಿ ಸ್ಕೂಲು ಮುಟ್ಟುವ ಹಾಗಿರಬೇಕು. ಇನ್ನೊಬ್ಬರು ದೂರ ಇದ್ದರೂ ನಡೆಯುತ್ತದೆ. ಇಬ್ಬರೂ ಅಷ್ಟಷ್ಟು ದೂರ ಅಂದರೆ ಇಬ್ಬರ ಕೈಗೂ ಸಿಗದ ದೂರ, ಅಷ್ಟೇ. ನಮ್ಮಲ್ಲಿ ಆ ಫೋನು ನಮ್ಮ ಮನೆಯವರಿಗೇ ಹೋಗುತ್ತದೆ. ಮೊದಲ ನಂಬರ್ ಅವರದ್ದೇ ಕೊಟ್ಟಿದ್ದೇವೆ. ಆದರೂ ಕ್ಲಾಸ್ ಟೀಚರು ಮೊದಲು ಅಮ್ಮನಿಗೇ ಮಾಡುತ್ತಾರೆ, ಅದೊಂದು ಬೇರೆ ಕಥೆ.

ನಿಮ್ಮ ಯಜಮಾನರಿಗೆ ಜನರಲ್ ಶಿಫ್ಟಾ, ತಿರುಗೋ ಶಿಫ್ಟಾ ಅಂತ ನೀವು ಬರೆದಿಲ್ಲ. ತಿರುಗೋ ಶಿಫ್ಟ್ ಆಗಿದ್ದರೆ ಇನ್ನು ಯೋಚನೆಯೇ ಬೇಡ, ಮೈಸೂರು. ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಹೆಬ್ಬಾಳದಿಂದ ಮಂಡ್ಯಕ್ಕೆ ಬರುವುದು ಒಂದು ವಾರ ಚೆಂದ, ವರ್ಷಗಟ್ಟಲೆ ಆಗುವ ಮಾತಲ್ಲ. ಬೈಕ್ ನಂಬಿಕೊಂಡಿದ್ದರೆ ಅದನ್ನೂ ಬಿಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೈವೇಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕಬ್ಬು ಅರೆಯುವ ಕಾಲದಲ್ಲಿ ಆ ಸರ್ವಿಸ್ ರಸ್ತೆಯಲ್ಲಿ ರಾತ್ರಿ ಹೊತ್ತು ಹೋಗಿ ನೋಡಿ. ಮುಂದೆ ಹೋಗುವ ಟ್ರ್ಯಾಕ್ಟರಿನ ಎರಡೂ ಪಕ್ಕಕ್ಕೆ ಕಬ್ಬು ಚಾಚಿಕೊಂಡಿರುತ್ತದೆ, ಹಿಂದೆ ಒಂದು ಲೈಟೂ ಇರುವುದಿಲ್ಲ, ಹತ್ತಿರ ಹೋಗುವವರೆಗೂ ಕತ್ತಲೆಯೋ ಟ್ರೈಲರೋ ಗೊತ್ತಾಗುವುದಿಲ್ಲ.

ಕಾರಲ್ಲಿ ಹೋಗುವುದಾದರೆ ಫಾಸ್ಟ್ಯಾಗಿನ ವಾರ್ಷಿಕ ಪಾಸ್ ಬಗ್ಗೆ ಕೇಳಿರುತ್ತೀರಿ. 2025ರ ಆಗಸ್ಟ್ 15ರಿಂದ ಬಂದಿದ್ದು, ಶುರುವಾದಾಗ ಬೆಲೆ 3,000 ರೂಪಾಯಿ, ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ವರ್ಷ ಅನ್ನೋ ಪದ ನೋಡಿ ಖುಷಿಪಡಬೇಡಿ. ದಿನಾ ಹೋಗಿ ಬಂದರೆ ಎರಡು ಟ್ರಿಪ್, ನೂರು ಕೆಲಸದ ದಿನಕ್ಕೆ ಪಾಸ್ ಖಾಲಿ. ನಾಲ್ಕು ತಿಂಗಳ ಮೇಲೆ ಸ್ವಲ್ಪ ಬರುತ್ತದೆ. ಆದರೂ ಒಂದು ಸಲಕ್ಕೆ ಸುಮಾರು 15 ರೂಪಾಯಿ ಬಿತ್ತು ಅಂದರೆ ಲಾಭವೇ. ಪೆಟ್ರೋಲ್ ಮಾತ್ರ ನಿಮ್ಮ ಕೈಯಿಂದಲೇ.

ಆದರೆ ನಿಮಗೆ ಕಾರು ಯಾಕೆ? ಮೈಸೂರಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ಎಕ್ಸ್‌ಪ್ರೆಸ್ ರೈಲಾದರೆ ಮುಕ್ಕಾಲು ಗಂಟೆ, ಪ್ಯಾಸೆಂಜರ್ ಆದರೆ ಸ್ವಲ್ಪ ಜಾಸ್ತಿ. ಈ ಲೈನ್ ಡಬಲ್ ಆದ ಮೇಲೆ ಕ್ರಾಸಿಂಗಿಗೆ ಅಂತ ನಡುದಾರಿಯಲ್ಲಿ ಕಾಯಿಸುವುದು ಎಷ್ಟೋ ಕಮ್ಮಿಯಾಗಿದೆ. ತಿಂಗಳ ಪಾಸ್ ಅಗ್ಗ, ಮೂರು ತಿಂಗಳದ್ದೂ ಸಿಗುತ್ತದೆ. ಒಂದೇ ಎಚ್ಚರ, ಪಾಸ್ ಇದೆ ಅಂತ ರಿಸರ್ವೇಷನ್ ಬೋಗಿ ಹತ್ತಬೇಡಿ, ಟಿಸಿ ದಂಡ ಹಾಕುತ್ತಾರೆ. ಮಂಡ್ಯ ಸ್ಟೇಷನ್ ಊರೊಳಗೇ ಇರುವುದರಿಂದ ಇಳಿದ ಮೇಲೆ ಪರದಾಟ ಇಲ್ಲ. ನೀವು ಮಹಿಳೆ ಆಗಿರುವುದರಿಂದ ಬಸ್ಸಿಗೆ ದುಡ್ಡೇ ಇಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಸಾಕು. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ, ಎಸಿ ಬಸ್ಸಿಗೆ ಇಲ್ಲ. ಹತ್ತುವ ಮುಂಚೆ ಕಂಡಕ್ಟರನ್ನು "ಮಂಡ್ಯ ಒಳಗೆ ಹೋಗುತ್ತಾ, ಬೈಪಾಸಾ?" ಅಂತ ಕೇಳಿಯೇ ಹತ್ತಿ. ಬೆಂಗಳೂರು ಬಸ್ಸು ಹತ್ತಿ ಕೂತು ಮಂಡ್ಯದ ಪಕ್ಕದಲ್ಲೇ ಹಾದುಹೋಗುವುದನ್ನು ಕಿಟಕಿಯಿಂದ ನೋಡಿದವರು ನಮ್ಮ ಆಫೀಸಲ್ಲೇ ಇದ್ದಾರೆ.

ರೈಲಿನ ಇನ್ನೊಂದು ಅನುಕೂಲ ಯಾರೂ ಹೇಳುವುದಿಲ್ಲ. ಆ ಒಂದು ಗಂಟೆ ನಿಮ್ಮದು. ಸಂಜೆ ಮಂಡ್ಯದಲ್ಲಿ ಹತ್ತಿದರೆ ನಮ್ಮ ಬೋಗಿಯಲ್ಲಿ ಟೀಚರುಗಳು, ಬ್ಯಾಂಕಿನವರು, ಕೋರ್ಟಿನವರು, ಎಲ್ಲ ಗೊತ್ತಿರುವ ಮುಖಗಳೇ. ಅವರೆಕಾಯಿ ಕಾಲ ಬಂದರೆ ಮಡಿಲಲ್ಲಿ ಪೇಪರ್ ಹಾಸಿಕೊಂಡು ಕಾಯಿ ಬಿಡಿಸುತ್ತಾ ಕೂರುತ್ತೇವೆ, ಕಾಳು ಡಬ್ಬಿಗೆ, ಸಿಪ್ಪೆ ಕವರಿಗೆ. ನಾಗನಹಳ್ಳಿ ದಾಟುವ ಹೊತ್ತಿಗೆ ರಾತ್ರಿ ಸಾರಿನದು ಮುಗಿದಿರುತ್ತದೆ. ಒಬ್ಬರು ಉತ್ತರ ಪತ್ರಿಕೆ ತಿದ್ದುತ್ತಾರೆ, ನಿಮಗೂ ಅದು ಉಪಯೋಗಕ್ಕೆ ಬರಬಹುದು. ಕಾರಲ್ಲಿ ಸ್ಟೇರಿಂಗ್ ಹಿಡಿದು ಕೂತರೆ ಅದ್ಯಾವುದೂ ಆಗಲ್ಲ, ಅಲ್ವಾ?

ಮೈಸೂರಲ್ಲಿ ಎಲ್ಲಿ ಅನ್ನುವುದು ಮುಂದಿನದು. ಇಲ್ಲಿ ಒಂದು ಗುಟ್ಟು: ನಿಮ್ಮ ಯಜಮಾನರ ಮನೆ ಫ್ಯಾಕ್ಟರಿಗೆ ಹತ್ತಿರ ಇರಬೇಕಿಲ್ಲ, ಫ್ಯಾಕ್ಟರಿ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರ ಇದ್ದರೆ ಸಾಕು. ಅವರ ಕಂಪನಿಗೆ ಬಸ್ಸು ಇದೆಯಾ, ಯಾವ ರೂಟು, ಎಲ್ಲೆಲ್ಲಿ ಪಿಕಪ್ ಅಂತ ಎಚ್‌ಆರ್‌ನವರನ್ನು ಈಗಲೇ ಕೇಳಿಸಿ. ಆ ರೂಟಿನಲ್ಲಿ ರೈಲ್ವೆ ಸ್ಟೇಷನ್ನಿಗೋ ಬೆಂಗಳೂರು ರಸ್ತೆಗೋ ಹತ್ತಿರವಾದ ಏರಿಯಾ ಯಾವುದು ನೋಡಿ, ಅಲ್ಲೇ ಮನೆ ಹುಡುಕಿ. ಯಾದವಗಿರಿ ಸ್ಟೇಷನ್ ಪಕ್ಕದಲ್ಲೇ, ಆದರೆ ಬಾಡಿಗೆ ಜಾಸ್ತಿ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಫಾರಿನ್‌ನವರಿಂದ ಬಾಡಿಗೆ ಏರಿ ಎಷ್ಟೋ ಕಾಲವಾಯಿತು, ಆದರೂ ಒಳರಸ್ತೆಗಳಲ್ಲಿ ಹಳೆಯ ಮನೆಗಳು ಸಿಗುತ್ತವೆ. ಬನ್ನಿಮಂಟಪ, ಮೇಟಗಳ್ಳಿ, ಒಂಟಿಕೊಪ್ಪಲು ಇವೆಲ್ಲ ನಿಮ್ಮ ಲೆಕ್ಕಕ್ಕೆ ಸರಿ. ಅತ್ತೆಯವರಿಗೂ ಈ ಕಡೆಯೇ ಅನುಕೂಲ, ಜಯದೇವ ಹೃದ್ರೋಗ ಆಸ್ಪತ್ರೆ ಕೆಆರ್‌ಎಸ್ ರಸ್ತೆಯಲ್ಲೇ ಇದೆ. ವಿಜಯನಗರ ಹೆಬ್ಬಾಳಕ್ಕೆ ಹತ್ತಿರ ಅಂತ ಎಲ್ಲರೂ ಹೇಳುತ್ತಾರೆ, ನಿಮ್ಮ ಯಜಮಾನರಿಗೆ ಹತ್ತಿರ, ನಿಮಗೆ ದೂರ. ಕುವೆಂಪುನಗರ, ರಾಮಕೃಷ್ಣನಗರ, ಶ್ರೀರಾಂಪುರ ಒಳ್ಳೆಯ ಏರಿಯಾಗಳು. ಆದರೆ ದಿನಾ ಬೆಳಗ್ಗೆ ಊರು ಅಡ್ಡ ದಾಟಿ ಸ್ಟೇಷನ್ನಿಗೆ ಬರಬೇಕು. ಬನ್ನಿಮಂಟಪಕ್ಕೆ ಬಂದರೆ ಒಂದು ಪಜೀತಿ, ವಿಜಯದಶಮಿ ದಿನ ಜಂಬೂಸವಾರಿ ಬಂದು ಮುಗಿಯುವುದೂ ಪಂಜಿನ ಕವಾಯತೂ ಇಲ್ಲೇ, ಆವತ್ತು ಗಾಡಿ ತೆಗೆಯುವ ಯೋಚನೆ ಬಿಟ್ಟು ಮನೆ ತುಂಬ ಬರುವ ನೆಂಟರಿಗೆ ಅಡಿಗೆ ಮಾಡಿಕೊಂಡಿರಿ.

ಮಂಡ್ಯದಲ್ಲೇ ಇರುವುದಕ್ಕೆ ಕಾರಣ ಇಲ್ಲವೇ ಅಂದರೆ, ಇದೆ. ಸರ್ಕಾರಿ ನೌಕರರು ಕೇಂದ್ರಸ್ಥಾನದಲ್ಲೇ ವಾಸ ಇರಬೇಕು ಅನ್ನೋ ನಿಯಮ ಇದ್ದೇ ಇದೆ, ನಿಮ್ಮ ಪ್ರಾಂಶುಪಾಲರು ಹೇಗೆ ಅಂತ ಸೇರುವ ಮುಂಚೆ ಸಹೋದ್ಯೋಗಿಗಳನ್ನು ಮೆಲ್ಲಗೆ ವಿಚಾರಿಸಿ. ಚುನಾವಣೆ ಡ್ಯೂಟಿ, ಪರೀಕ್ಷೆ ಡ್ಯೂಟಿ ಬಂದರೆ ನಸುಕಿನಲ್ಲೇ ಹೊರಡಬೇಕು. ಕಾವೇರಿ ಗಲಾಟೆ ಶುರುವಾದರೆ ಮೊದಲು ಬಂದ್ ಆಗುವುದೇ ಮಂಡ್ಯ, 2023ರ ಸೆಪ್ಟೆಂಬರ್‌ನಲ್ಲಿ ನೋಡಿದ್ದೇವಲ್ಲ. ಅಂಥ ದಿನ ಬೆಳಗ್ಗೆ ಹೋದವರು ಸಂಜೆ ಹೇಗೆ ಬರುವುದು ಅನ್ನೋದೇ ಚಿಂತೆ. ಅದಕ್ಕೆ ಮಂಡ್ಯದಲ್ಲಿ ಒಂದು ರಾತ್ರಿ ಉಳಿಯಲು ಗೊತ್ತಿರುವ ಮನೆ ಒಂದು ಇರಲಿ. ವಿದ್ಯಾನಗರ, ಅಶೋಕನಗರದ ಕಡೆ ಬಾಡಿಗೆಗೆ ಮೈಸೂರಿಗಿಂತ ಅಗ್ಗದಲ್ಲಿ ಮನೆ ಸಿಗುತ್ತದೆ, ಎಲ್ಲ ನಡೆದೇ ಮುಗಿಯುತ್ತದೆ, ಜನ ಒಳ್ಳೆಯವರು. ಮಾತು ಸ್ವಲ್ಪ ಒರಟು ಅನಿಸಿದರೆ ಗಾಬರಿಯಾಗಬೇಡಿ, ಜಗಳ ಅಲ್ಲ ಅದು, ವಿಚಾರಿಸಿಕೊಳ್ಳುವುದೇ ಹಾಗೆ.

ಆದರೆ ನಿಮ್ಮದು ವರ್ಗಾವಣೆಯ ಕೆಲಸ. ನಾಳೆ ಪಾಂಡವಪುರಕ್ಕೋ ಕೆ.ಆರ್. ಪೇಟೆಗೋ ಹಾಕಿದರೆ ಮೈಸೂರಿಂದಲೂ ಹೋಗಿಬರಬಹುದು. ಮದ್ದೂರಾದರೆ ಅದೇ ರೈಲು, ಇನ್ನೊಂದಿಷ್ಟು ದೂರ. ಮಳವಳ್ಳಿ, ನಾಗಮಂಗಲ ಆದರೆ ಕಷ್ಟ, ಆಗ ಇನ್ನೊಮ್ಮೆ ಯೋಚನೆ ಮಾಡಬೇಕಾಗುತ್ತದೆ. ಮಗಳ ಸ್ಕೂಲು ಮಾತ್ರ ಪ್ರತಿ ವರ್ಗಾವಣೆಗೂ ಬದಲಾಗಬಾರದು, ಮೈಸೂರಲ್ಲಿ ಸೇರಿಸಿದರೆ ಪಿಯುಸಿವರೆಗೂ ಅಲ್ಲೇ ಮುಗಿಯುತ್ತದೆ.

ಮನೆ ನೋಡುವಾಗ ಕಾವೇರಿ ನೀರು ಬರುತ್ತಾ, ಬೋರ್‌ವೆಲ್ಲಾ, ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅಂತ ಓನರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಹೊರವಲಯದ ಖಾಸಗಿ ಲೇಔಟುಗಳಲ್ಲಿ ಇದೇ ದೊಡ್ಡ ತಲೆನೋವು. ಭೋಗ್ಯಕ್ಕೆ ಮನೆ ಇದೆ ಅಂತ ತುಂಬ ಜನ ತೋರಿಸುತ್ತಾರೆ, ಬಾಡಿಗೆ ಉಳಿಯುತ್ತದೆ ಅಂತ ಆಸೆಯೂ ಆಗುತ್ತದೆ. ಮೊದಲ ವರ್ಷ ಬೇಡವೇ ಬೇಡ, ದುಡ್ಡು ಎರಡು ಮೂರು ವರ್ಷ ಸಿಕ್ಕಿಹಾಕಿಕೊಳ್ಳುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಸಿ ಬಾಡಿಗೆಗೆ ಇರಿ. ಸ್ಕೂಲುಗಳಲ್ಲಿ ಡಿಸೆಂಬರ್, ಜನವರಿಗೇ ಅಡ್ಮಿಷನ್ ಶುರುವಾಗುತ್ತದೆ, ಹಾಗಾಗಿ ಮನೆ ಗಟ್ಟಿಯಾಗುವವರೆಗೆ ಕಾಯಬೇಡಿ. ಏರಿಯಾ ಒಂದು ತೀರ್ಮಾನವಾದ ಕೂಡಲೇ ಅಲ್ಲಿಯ ಎರಡು ಸ್ಕೂಲಿನಲ್ಲಿ ಅರ್ಜಿ ಹಾಕಿಬಿಡಿ.