ವಾಣಿವಿಲಾಸ ಸಾಗರದಲ್ಲಿ ಸೀಪ್ಲೇನ್ ಮೇಳ: ಹಿರಿಯೂರಿನ ಓದುಗರ ಪ್ರಶ್ನೆಗೆ ಪ್ರತಿಕ್ರಿಯೆ

ಅಮೆರಿಕದ ಮೇನ್ ರಾಜ್ಯದ ಗ್ರೀನ್‌ವಿಲ್‌ನಲ್ಲಿ, ಮೂಸ್‌ಹೆಡ್ ಸರೋವರದ ದಡದಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ಸೀಪ್ಲೇನ್ (ನೀರಿನ ಮೇಲೆ ಇಳಿದು, ಅಲ್ಲಿಂದಲೇ ಮೇಲೇರುವ ವಿಮಾನ) ಮೇಳದಂಥದ್ದು ನಮ್ಮ ವಾಣಿವಿಲಾಸ ಸಾಗರದಲ್ಲೂ ಸಾಧ್ಯವೇ, ಗಾಳಿಯಿಲ್ಲದ ಮುಂಜಾನೆಯೇ ಇಳಿಯಲು ಸುರಕ್ಷಿತವಲ್ಲವೇ ಎಂದು ತಾವು ಕೇಳಿದ್ದೀರಿ. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ವಾಸ್ತವ ಅದಕ್ಕೆ ತದ್ವಿರುದ್ಧವಾಗಿದೆ.

ನಿಶ್ಚಲ ನೀರಿನಲ್ಲಿ ಆಕಾಶವೂ ಗುಡ್ಡಗಳೂ ಪ್ರತಿಬಿಂಬಿಸುವುದರಿಂದ ಮೇಲ್ಮೈ ಎಷ್ಟು ಕೆಳಗಿದೆ ಎಂಬ ಅಂದಾಜೇ ಕಣ್ಣಿಗೆ ಸಿಗುವುದಿಲ್ಲ. ಆದ್ದರಿಂದ ಪೈಲಟ್ ದಡದ ಮರಗಳನ್ನು ಆಧಾರವಾಗಿಟ್ಟುಕೊಂಡು, ಮೂತಿಯನ್ನು ತುಸು ಎತ್ತಿ, ಎಂಜಿನ್ನಿನ ಶಕ್ತಿಯನ್ನು ಪೂರ್ತಿ ತಗ್ಗಿಸದೆ, ನಿಮಿಷಕ್ಕೆ ಸುಮಾರು 150 ಅಡಿಯಂತೆ, ಫ್ಲೋಟುಗಳು (ವಿಮಾನದ ಅಡಿಯಲ್ಲಿರುವ ದೋಣಿಯಂಥ ತೇಲುವ ಭಾಗಗಳು) ನೀರಿಗೆ ತಾಗುವವರೆಗೂ ಅದೇ ಭಂಗಿಯಲ್ಲಿ ಇಳಿಯಬೇಕಾಗುತ್ತದೆ. ಮೇಲೇರುವಾಗಲೂ ಅಂಥ ನೀರು ಫ್ಲೋಟುಗಳನ್ನು ಸುಲಭವಾಗಿ ಬಿಡುವುದಿಲ್ಲವಾದ್ದರಿಂದ ಕೆಲವರು ಒಂದು ಫ್ಲೋಟನ್ನು ಮೊದಲು ಎತ್ತಿ ಬಿಡಿಸಿಕೊಳ್ಳುತ್ತಾರೆ. ಸಣ್ಣ ಅಲೆಗಳೆಬ್ಬಿಸುವ ಹದವಾದ ಗಾಳಿಯೇ ಉತ್ತಮ.

ಇನ್ನು ಸ್ಥಳದ ವಿಚಾರ. ವೇದಾವತಿಗೆ ಕಟ್ಟಿದ ಈ ಜಲಾಶಯ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ನೀರಿನ ಮಟ್ಟ ಇಷ್ಟು ಏರಿಳಿಯುವಲ್ಲಿ ಮುಳುಗಿದ ಮರ, ಬಂಡೆ, ಮೀನು ಬಲೆಗಳನ್ನು ಪ್ರತಿ ಬಾರಿಯೂ ಹೊಸದಾಗಿ ಗುರುತಿಸಬೇಕು. ಚಿತ್ರದುರ್ಗ ಮತ್ತು ಹಿರಿಯೂರಿಗೆ ಕುಡಿಯುವ ನೀರು ಇಲ್ಲಿಂದಲೇ ಹೋಗುವುದರಿಂದ ದಡದಲ್ಲಿ ಇಂಧನ ತುಂಬಿಸಲು ನಾನಂತೂ ಒಪ್ಪಲಾರೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯೂ ಅನಿವಾರ್ಯ. 2020ರಲ್ಲಿ ಸಬರಮತಿಯಿಂದ ಕೆವಾಡಿಯಾಕ್ಕೆ ಹಾರಿದ್ದ ಟ್ವಿನ್ ಆಟರ್‌ನಂಥ ಒಂದೇ ವಿಮಾನದ ಪ್ರದರ್ಶನದಿಂದ ಆರಂಭಿಸುವುದು ಸೂಕ್ತ. ಗ್ರೀನ್‌ವಿಲ್‌ನಲ್ಲಿರುವಂಥ ಗುರಿಯಿಟ್ಟು ಇಳಿಯುವ ಸ್ಪರ್ಧೆಗಳನ್ನು ಆಮೇಲೆ ಯೋಚಿಸಬಹುದು.