ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ನಾನು ತುಪ್ಪ ಬಿಟ್ಟರೆ ಸಾಕಾ?

ನಿಮಗೆ 36 ವರ್ಷ, ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದ ಮೇಲೆ ತುಪ್ಪ ಬಿಟ್ಟಿದ್ದೇನೆ ಅಂದಿದ್ದೀರಿ. ನಾನು ಡಾಕ್ಟರ್ ಅಲ್ಲ. ಆರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕಿದರು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಕಲಿತದ್ದನ್ನು ಹೇಳುತ್ತೇನೆ. ತುಪ್ಪಕ್ಕಿಂತ ಮೊದಲು ಉಪ್ಪಿನ ಡಬ್ಬಿ ನೋಡಿ.

ಅವರಿಗೆ ಆಗ 49. ಮಾಂಸ ಮುಟ್ಟಿದವರಲ್ಲ, ಸಿಗರೇಟ್ ಸೇದಿದವರಲ್ಲ. ಹಾಗಾಗಿ ಹೃದಯದ ಯೋಚನೆಯೇ ನಮಗೆ ಬಂದಿರಲಿಲ್ಲ. ಬಿಪಿ ಮಾತ್ರ ಇತ್ತು. ಊಟಕ್ಕೆ ಹಪ್ಪಳ, ಉಪ್ಪಿನಕಾಯಿ ಬೇಕೇ ಬೇಕು. ಮಜ್ಜಿಗೆ ಅನ್ನಕ್ಕೆ ಮೇಲಿಂದ ಇನ್ನೊಂದು ಚಿಟಿಕೆ ಉಪ್ಪು.

ಡಯಟಿಷಿಯನ್ ಒಂದು ಲೆಕ್ಕ ಹೇಳಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು, ಅಂದರೆ ಸುಮಾರು ಒಂದು ಟೀ ಚಮಚ. ಹಾಗಾದರೆ ನಾಲ್ಕು ಜನರ ಮನೆಗೆ ಒಂದು ಕೆಜಿ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಒಡೆದ ದಿನ ಪ್ಯಾಕೆಟ್ ಮೇಲೆ ತಾರೀಖು ಬರೆದಿಟ್ಟೆ. 24ನೇ ದಿನಕ್ಕೆ ಖಾಲಿ! ಹಪ್ಪಳ, ಚಿಪ್ಸ್, ಹೋಟೆಲ್ ಸಾಂಬಾರಿನ ಉಪ್ಪು ಈ ಲೆಕ್ಕದಲ್ಲೇ ಇರಲಿಲ್ಲ. ಉಪ್ಪು ಜಾಸ್ತಿಯಾದರೆ ಬಿಪಿ ಏರುತ್ತದೆ, ಏರಿದ ಬಿಪಿ ವರ್ಷಗಟ್ಟಲೆ ರಕ್ತನಾಳಗಳನ್ನು ಸವೆಸುತ್ತದೆ. ಸೈಂಧವ ಲವಣ ಆದರೆ ಪರವಾಗಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಅದರಲ್ಲೂ ಇರುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪೇ.

ಒಂದೇ ಸಲ ಕಡಿಮೆ ಮಾಡಲು ಹೋಗಿ ಮನೆಯಲ್ಲಿ ಜಗಳವೇ ಆಯಿತು. ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದೆ, ಸಾರಿಗೆ ಬೆಳ್ಳುಳ್ಳಿ, ಮೆಣಸು ಮುಂದೆ ಮಾಡಿದೆ. ಎರಡು ತಿಂಗಳಲ್ಲಿ ನಾಲಿಗೆಯೇ ಒಗ್ಗಿಕೊಂಡಿತು. ಈಗ ಹೊರಗಿನ ಊಟ ಅವರಿಗೇ ಉಪ್ಪುಪ್ಪು ಅನಿಸುತ್ತದೆ.

ಇನ್ನು ಅನ್ನ. ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡೆಯಷ್ಟು, ಪಲ್ಯ ನಂಜಿಕೊಳ್ಳುವಷ್ಟು, ಅಲ್ವಾ? ಬಿಳಿ ಅನ್ನ, ಮೈದಾ, ಸಕ್ಕರೆ ಜಾಸ್ತಿಯಾದರೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಏರುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಸರಾಸರಿ 53ಕ್ಕೇ ಆಗಿತ್ತು, ಬೇರೆಯವರಿಗೆ ಸುಮಾರು 59ಕ್ಕೆ. ದಿನವೂ ಹಣ್ಣು, ತರಕಾರಿ ತಿನ್ನುವವರೂ ನಮ್ಮ ಕಡೆ ಕಡಿಮೆ ಇದ್ದರು. ಅದನ್ನು ಓದಿದ ಮೇಲೆ ನಾನು ಮೊದಲು ಪಲ್ಯ, ಕೋಸಂಬರಿ ಬಡಿಸಿ, ಆಮೇಲೆ ಅನ್ನದ ಪಾತ್ರೆ ತರುತ್ತೇನೆ.

ತುಪ್ಪ ಪೂರ್ತಿ ನಿರಪರಾಧಿ ಅಂತ ಹೇಳುತ್ತಿಲ್ಲ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ಅದು ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ತೊವ್ವೆಗೆ ಒಂದು ಚಮಚ ಬೇರೆ, ಹೋಳಿಗೆ ಮೇಲೆ ಸುರಿಯುವುದು ಬೇರೆ. ಆದರೆ ತುಪ್ಪ ಬಿಟ್ಟು ದಿನಾ ಸಂಜೆ ಬೇಕರಿ ಪಫ್ ತಿಂದರೆ ಏನು ಬಂತು? ಅಲ್ಲಿ ಹೆಚ್ಚಾಗಿ ಬಳಸುವ ಪಾಮ್ ಎಣ್ಣೆಯಲ್ಲೂ ಸುಮಾರು ಅರ್ಧದಷ್ಟು ಅದೇ ಸ್ಯಾಚುರೇಟೆಡ್ ಕೊಬ್ಬು.

ಇನ್ನೊಂದು ಮಾತು. ಅಪ್ಪನಿಗೆ ಆಗಿದೆ ಅಂದಮೇಲೆ ಬರೀ ಊಟ ಬದಲಿಸಿ ಸುಮ್ನೆ ಕೂರಬೇಡಿ. ಈ ತಿಂಗಳೇ ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಿ, ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಅಪ್ಪನಿಗೆ ಯಾವ ವಯಸ್ಸಲ್ಲಿ ಆಯಿತು ಅನ್ನೋದನ್ನೂ ಅವರಿಗೆ ತಪ್ಪದೆ ಹೇಳಿ.