ಮಳೆಗಾಲ ಮುಗಿಯಿತು, ಜೆಟ್ ಸ್ಕೀ ಏಳುತ್ತಿಲ್ಲ

ಪ್ರಶ್ನೆ: ಕಾಕಾನ ಮಗನ ಜೊತೆ ಸೇರಿ ಮುರ್ಡೇಶ್ವರದಲ್ಲಿ ಓಡಿಸಲು ಹಳೆಯ ಟೂ-ಸ್ಟ್ರೋಕ್ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್) ತಗೊಂಡೆವು. ಮಳೆಗಾಲದಲ್ಲಿ ಹುಬ್ಬಳ್ಳಿ ಮನೆಯ ಶೆಡ್‌ನಲ್ಲಿ ಇಟ್ಟಿದ್ದೆವು. ಈಗ ಸೆಲ್ಫ್ ತಿರುಗುತ್ತದೆ, ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ. ಎರಡೂ ಪ್ಲಗ್‌ಗಳಲ್ಲಿ ಕಿಡಿ ಇಲ್ಲ. ಮೆಕ್ಯಾನಿಕ್ ಸಿಡಿಐ (ಪ್ಲಗ್‌ಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬದಲಿಸಿ ಎನ್ನುತ್ತಾರೆ. ಹಾಕಿಸಲೇ?
— ಓದುಗರೊಬ್ಬರು, ಗೋಕುಲ ರೋಡ್, ಹುಬ್ಬಳ್ಳಿ

ಉತ್ತರ: ತಡೀರಿ, ಸಿಡಿಐಗೆ ಈಗಲೇ ದುಡ್ಡು ಸುರಿಯಬೇಡಿ. ಅದು ಕೆಡೋದೇ ಇಲ್ಲ ಅಂತಲ್ಲ. ಆದರೆ ಉಪ್ಪುನೀರು ಕಂಡ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಬ್ಯಾಟರಿ, ಅರ್ಥಿಂಗ್ ಮತ್ತು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಮೇಲೆ.

ಸೀಟು ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಪೆಟ್ರೋಲ್ ವಾಸನೆ ಇರುವ ತನಕ ಕಿಡಿ ನೋಡುವ ಕೆಲಸ ಬೇಡವೇ ಬೇಡ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ನೆ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅಷ್ಟಕ್ಕೇ ಖುಷಿಪಡಬೇಡಿ, ಸೆಲ್ಫ್ ಒತ್ತಿಕೊಂಡೇ ಮೀಟರ್ ನೋಡಿ. 9.5ರ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ. ಎಂಜಿನ್ ಮೆಲ್ಲಗೆ ತಿರುಗಿದರೆ ಕಿಡಿ ಹುಟ್ಟುವುದೂ ಕಷ್ಟ.

ಬ್ಯಾಟರಿಯ ಮೈನಸ್ ವೈರು ಎಂಜಿನ್‌ಗೆ ಸೇರುವ ಕಡೆ ಬೋಲ್ಟ್ ಬಿಚ್ಚಿ. ಮೇಲಿನಿಂದ ನೋಡಿದರೆ ಚೆನ್ನಾಗೇ ಇರುತ್ತದೆ. ಅಡಿಯಲ್ಲಿ ಹಸಿರು ಪುಡಿ ಕೂತಿರುತ್ತದೆ. ಎಮರಿ ಪೇಪರ್‌ನಿಂದ ಲೋಹ ಹೊಳೆಯುವ ತನಕ ತಿಕ್ಕಿ, ಬಿಗಿಯಾಗಿ ಕೂಡಿಸಿ, ಮೇಲೆ ಗ್ರೀಸ್ ಸವರಿ.

ಇನ್ನು ಕಿಲ್ ಸ್ವಿಚ್. ಕೈಗೆ ಕಟ್ಟಿಕೊಳ್ಳುವ ಹಗ್ಗದ ಕ್ಲಿಪ್ ಅದಕ್ಕೆ ಸರಿಯಾಗಿ ಕೂತಿದೆಯಾ? ಹಲವು ಹಳೆಯ ಮಾದರಿಗಳಲ್ಲಿ ಈ ಸ್ವಿಚ್ಚೇ ಸಿಡಿಐಯನ್ನು ಅರ್ಥ್ ಮಾಡಿ ಎಂಜಿನ್ ನಿಲ್ಲಿಸುತ್ತದೆ. ಒಳಗೆ ಉಪ್ಪು ಕಟ್ಟಿದರೆ ಒತ್ತದಿದ್ದರೂ ಒತ್ತಿದ ಲೆಕ್ಕವೇ. ವೈರಿಂಗ್ ಚಿತ್ರ ನೋಡಿಕೊಂಡು, ಪರೀಕ್ಷೆಗಷ್ಟೇ, ಈ ಸ್ವಿಚ್‌ನಿಂದ ಸಿಡಿಐಗೆ ಹೋಗುವ ಸ್ಟಾಪ್ ವೈರ್ ಬಿಚ್ಚಿ. ಕಿಡಿ ಬಂದರೆ ಸ್ವಿಚ್ ಬದಲಿಸಿ. ವೈರ್ ಬಿಚ್ಚಿಟ್ಟುಕೊಂಡೇ ನೀರಿಗಿಳಿಯಬೇಡಿ. ನೀವು ಕೆಳಗೆ ಬಿದ್ದರೂ ಗಾಡಿ ಓಡುತ್ತಲೇ ಇರುತ್ತದೆ!

ಕಿಡಿ ನೋಡುವಾಗ ಪ್ಲಗ್ಗಿನ ಲೋಹದ ಭಾಗ ಎಂಜಿನ್‌ಗೆ ತಾಗಿರಲಿ, ಪ್ಲಗ್ ತೂತಿನಿಂದ ದೂರವಿರಲಿ. ಪ್ಲಗ್ ವೈರಿನ ಕ್ಯಾಪ್ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆದರೆ ಸರಿ ಇದ್ದ ಸಿಡಿಐ ಕೂಡ ಹಾಳಾದೀತು. ಆಗಲೂ ಕಿಡಿ ಇಲ್ಲವಾ? ಸ್ಟೇಟರ್ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ), ಕಾಯಿಲ್ (ಅದನ್ನು ಕಿಡಿಗೆ ಬೇಕಾದಷ್ಟು ಏರಿಸುವ ಭಾಗ) ಇವುಗಳ ಓಮ್ ಅಳತೆಯನ್ನು ಸರ್ವೀಸ್ ಪುಸ್ತಕಕ್ಕೆ ಹೋಲಿಸಿ. ಅವು ಸರಿ ಇದ್ದರೆ ಆಗ ಸಿಡಿಐ ಮಾತು.

ಹಳೆಯ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ. ಸ್ಟಾರ್ಟ್ ಆಯಿತೆಂದು ಶೆಡ್‌ನಲ್ಲಿ ಎಂಜಿನ್ ತಂಪು ಮಾಡುವ ನೀರಿಲ್ಲದೆ ಓಡಿಸುತ್ತಾ ನಿಲ್ಲಬೇಡಿ, ಕೆಲವೇ ಸೆಕೆಂಡು ಸಾಕು. ಅನುಮತಿ ಕೇಳದೆ ಉಣಕಲ್ ಕೆರೆಗೆ ಇಳಿಸೋ ಯೋಚನೆಯೂ ಬೇಡ.

ಪ್ರಶ್ನೆ: ಪೈಪ್ ಹಚ್ಚಿ ಜೆಟ್ ಸ್ಕೀ ಎಂಜಿನ್ ತೊಳೆದ ಮೇಲೆ ಸೆಲ್ಫ್ ‘ಟಕ್’ ಎಂದು ನಿಲ್ಲುತ್ತಿದೆ. ಯಾಕೆ?
— ಓದುಗರೊಬ್ಬರು, ಹಾವೇರಿ

ಉತ್ತರ: ಸಿಲಿಂಡರ್‌ಗೆ ನೀರು ಹೋಗಿರಬಹುದು. ಮತ್ತೆ ಮತ್ತೆ ಸೆಲ್ಫ್ ಒತ್ತಬೇಡಿ, ಕನೆಕ್ಟಿಂಗ್ ರಾಡ್ ಬಾಗೀತು. ಪ್ಲಗ್ ತೆಗೆದು, ಪ್ಲಗ್ ವೈರುಗಳನ್ನು ಅರ್ಥ್ ಮಾಡಿ, ಸೆಲ್ಫ್ ಹೊಡೆದು ನೀರು ಹೊರಹಾಕಿ. ಅದೇ ದಿನ ಎಂಜಿನ್ ಓಡಿಸಿ, ಇಲ್ಲದಿದ್ದರೆ ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ. ಇನ್ನು ಮೇಲೆ ತೊಳೆಯುವಾಗ ಎಂಜಿನ್ ಸ್ಟಾರ್ಟ್ ಮಾಡಿದ ಮೇಲೇ ನೀರು ಬಿಡಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್.